ಹೇರು ಇದ್ದಲ್ಲಿಗೆ ಹಳಿ

ದಾವಣಗೆರೆ ಜಿಲ್ಲೆಯ ಭೂಪಟ ಹರಡಿಕೊಂಡು ರೈಲು ಹಳಿಯ ಗೆರೆಯ ಮೇಲೆ ಬೆರಳಾಡಿಸಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವಿಲ್ಲ. ಹಾಗೆಂದು ಸುತ್ತಮುತ್ತ ಹಳಿಗೆ ಬರವೇನೂ ಇಲ್ಲ. ಚನ್ನಗಿರಿಗೆ ಪೂರ್ವದಲ್ಲಿ ಬೆಂಗಳೂರು–ಹುಬ್ಬಳ್ಳಿ ಮುಖ್ಯಮಾರ್ಗ ಚಿಕ್ಕಜಾಜೂರು, ಮಾಯಕೊಂಡ, ತೋಳಹುಣಸೆಗಳನ್ನು ದಾಟಿ ದಾವಣಗೆರೆಗೆ ಹೋಗುತ್ತದೆ. ದಕ್ಷಿಣಕ್ಕೆ ಬೀರೂರಿನಿಂದ ಕವಲೊಡೆದ ಮಾರ್ಗ ತರೀಕೆರೆ, ಭದ್ರಾವತಿ, ಶಿವಮೊಗ್ಗದ ಮೇಲೆ ತಾಳಗುಪ್ಪಕ್ಕೆ ಸಾಗುತ್ತದೆ. ಜಗಳೂರಿನ ಒಂದು ಮಗ್ಗುಲಿಗೆ ಚಿತ್ರದುರ್ಗದ ಕವಲು ಮಾರ್ಗ, ಇನ್ನೊಂದು ಮಗ್ಗುಲಿಗೆ ಕೊಟ್ಟೂರಿನದು. ಹಳಿಗಳೆಲ್ಲ ಸುತ್ತು ಹಾಕಿಕೊಂಡು ಹೋದವು, ಊರುಗಳು ನಡುವೆ ಉಳಿದವು. ಇದಕ್ಕೆ ಈ ಭಾಗದಲ್ಲಿ ಸಿದ್ಧವಾಗಿರುವ ಉತ್ತರ ‘ನಮ್ಮನ್ನು ಕಡೆಗಣಿಸಿದರು’ ಎಂಬುದು. ಚುನಾವಣೆಯ ಭಾಷಣಕ್ಕೆ ಅಷ್ಟು ಸಾಕಾಗಬಹುದು. ಆದರೆ ಸುತ್ತಲಿನ ಕವಲು ಮಾರ್ಗಗಳು ಹುಟ್ಟಿದ ಬಗೆಯನ್ನು ನೋಡಿದರೆ ಬೇರೆ ಉತ್ತರ ಸಿಗುತ್ತದೆ. ಕವಲು ಮಾರ್ಗವನ್ನು ಊರಿಗಾಗಿ ಹಾಕಿದ್ದು ಅಪರೂಪ, ಹಾಕಿದ್ದು ಹೇರಿಗಾಗಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೇರು ಹುಟ್ಟುವ ಹೊತ್ತಿಗೆ ಕವಲು ಮಾರ್ಗಗಳ ಕಾಲ ಮುಗಿದಿತ್ತು.

ಮುಖ್ಯಮಾರ್ಗದ ಕತೆ ಬರಗಾಲದಿಂದ ಶುರುವಾಗುತ್ತದೆ. 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನವನ್ನು ಹಿಂಡಿಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಧಾನ್ಯ ಇದ್ದ ಕಡೆಯಿಂದ ಇಲ್ಲದ ಕಡೆಗೆ ಹೊತ್ತೊಯ್ಯುವ ದಾರಿಯಿಲ್ಲದೆ ಜನ ಸತ್ತರೆಂಬ ಅರಿವು ಆಳುವವರನ್ನು ಕಾಡಿತು. 1882ರಲ್ಲಿ ಬೆಂಗಳೂರು–ಮೈಸೂರು ಮಾರ್ಗ, 1884ರಲ್ಲಿ ಬೆಂಗಳೂರು–ತುಮಕೂರು ಮಾರ್ಗ ತೆರೆದವು. ಮುಂದಿನ ಕೆಲಸಕ್ಕೆ ಖಜಾನೆಯಲ್ಲಿ ಹಣ ಸಾಲದೆ 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಬೇಕಾಯಿತು. ಲಂಡನ್ನಿನಲ್ಲಿ ಎತ್ತಿದ ಸಾಲದ ಮೇಲೆ 1889ರ ಹೊತ್ತಿಗೆ ಹಳಿ ಹರಿಹರ ಮುಟ್ಟಿತು. ಅಂದಮೇಲೆ ಧರ್ಮಕಾರ್ಯವೆಂದು ಶುರುವಾದದ್ದಕ್ಕೂ ಬಡ್ಡಿಯ ಲೆಕ್ಕ ಅಂಟಿಕೊಂಡಿತ್ತು. ಈ ಮಾರ್ಗ ಹಿಡಿದ ದಿಕ್ಕನ್ನೂ ಗಮನಿಸಬೇಕು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ನೆಟ್ಟಗೆ ಹೋಗುವುದನ್ನು ಬಿಟ್ಟು ಅರಸೀಕೆರೆ, ಕಡೂರು, ಬೀರೂರುಗಳ ಕಡೆಗೆ ವಾಲಿ, ಮಲೆನಾಡಿನ ಅಂಚು ಸವರಿಕೊಂಡು ದಾವಣಗೆರೆಗೆ ಬಂತು. ಕಾಫಿ, ಅಡಿಕೆ, ಮೆಣಸು, ಮರಮುಟ್ಟು ಇಳಿದುಬರುತ್ತಿದ್ದ ಅಂಚು ಅದು. ಜಿಲ್ಲಾ ಕೇಂದ್ರವೆಂಬ ಗೌರವವಿದ್ದರೂ ಚಿತ್ರದುರ್ಗ ಹೊರಗುಳಿಯಿತು.

ದಾವಣಗೆರೆಯನ್ನು ರೈಲೇ ಬೆಳೆಸಿತೆಂಬ ಮಾತು ಆಗಾಗ ಕೇಳಿಬರುತ್ತದೆ. ಅರ್ಧ ನಿಜ. ಬೇತೂರಿನ ಹೊರವಲಯದಂತಿದ್ದ ಈ ಊರನ್ನು ಹೈದರಾಲಿ ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ರೈಲು ಬರುವುದಕ್ಕೆ ನೂರು ವರ್ಷ ಮೊದಲಿನ ಮಾತಿದು. ಮಲೆನಾಡಿನ ನಗರ ಸೀಮೆಯ ಅಡಿಕೆ ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ವಾಲಾಜಾಪೇಟೆಗೆ ಹೋಗಿ, ಬದಲಿಗೆ ಮದರಾಸಿನ ಕಡೆಯ ಸರಕು ಬರುತ್ತಿತ್ತೆಂದು ಹಳೆಯ ಗೆಜೆಟಿಯರುಗಳು ಬರೆದಿವೆ. ಕಂಬಳಿಯ ನೇಯ್ಗೆ ಬೇರೆ ಇತ್ತು. ಮಲೆನಾಡಿಗೂ ಬಯಲುಸೀಮೆಗೂ ನಡುವೆ ಕೂತ ನ್ಯಾಮತಿಯೂ ಇಂಥದೇ ಕೊಡುಕೊಳ್ಳುವಿಕೆಯ ಪೇಟೆ. ಈ ಸರಕನ್ನು ಸಾಗಿಸುತ್ತಿದ್ದವು ಎತ್ತಿನ ಗಾಡಿಗಳು, ಹೇರೆತ್ತಿನ ಸಾಲುಗಳು. ಹೇರೆತ್ತು ಎಂದೊಡನೆ ನೆನಪಾಗಬೇಕಾದವರು ಲಂಬಾಣಿಗಳು. ಉಪ್ಪು, ದವಸ ಹೊತ್ತ ನೂರಾರು ಎತ್ತುಗಳನ್ನು ಹೊಡೆದುಕೊಂಡು ದಖ್ಖನಿನ ಉದ್ದಗಲ ಅಲೆಯುತ್ತಿದ್ದ ಈ ಸಮುದಾಯದ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ್ದು ಈಗಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ. ರಸ್ತೆ ಮತ್ತು ರೈಲು ಎರಡೂ ಬಂದು ಹೇರೆತ್ತಿನ ಕಸುಬನ್ನು ಮುಗಿಸಿದವು. ಊರೂರು ಸುತ್ತುತ್ತಿದ್ದವರು ತಾಂಡಾಗಳಲ್ಲಿ ನೆಲೆಯೂರಿ ಕೂಲಿಗೆ ಇಳಿಯಬೇಕಾಯಿತು. ರೈಲಿನ ಚರಿತ್ರೆಯನ್ನು ಬರೀ ಪ್ರಗತಿಯ ಕತೆಯಾಗಿ ಹೇಳುವವರು ಈ ಸಾಲನ್ನು ಬಿಟ್ಟುಬಿಡುತ್ತಾರೆ. ಸರಕು ಹೊರುವವರ ತವರು ಸೀಮೆಗೆ ಹಳಿ ಬರಲಿಲ್ಲ, ಅವರ ಕಸುಬು ಮಾತ್ರ ಹಳಿಯ ಪಾಲಾಯಿತು.

ಇನ್ನು ಕವಲುಗಳು. ಬೀರೂರು–ಶಿವಮೊಗ್ಗ ಮಾರ್ಗ ತೆರೆದದ್ದು 1899ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಉದ್ದ 38 ಮೈಲಿ. ಭದ್ರೆ ತುಂಗೆಯರ ಕಾಡಿನ ಮರ, ಮಲೆನಾಡಿನ ಅಡಿಕೆ ಅದರ ಹೊಟ್ಟೆಪಾಡು. ಹಳಿ ಇದ್ದುದರಿಂದಲೇ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ನಿಲ್ಲಲು ಸಾಧ್ಯವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಸೌದೆಯ ಇದ್ದಿಲು ಸೇರಿ 1923ರಲ್ಲಿ ಕುಲುಮೆ ಉರಿಯತೊಡಗಿದ ಮೇಲೆ ಆ ಕವಲು ಮಾರ್ಗಕ್ಕೆ ಯಾರೂ ಕೈಹಚ್ಚುವಂತಿರಲಿಲ್ಲ. ಮುಂದೆ 1930ರ ದಶಕದಲ್ಲಿ ಹಂತ ಹಂತವಾಗಿ ಕಾಡು ಸೀಳಿಕೊಂಡು 1940ರಲ್ಲಿ ತಾಳಗುಪ್ಪ ತಲುಪಿತು. ಅಲ್ಲಿಂದ ಜೋಗ ಕೂಗಳತೆಯಲ್ಲಿತ್ತು, ವಿದ್ಯುತ್ ಯೋಜನೆ ಕಣ್ಣಮುಂದಿತ್ತು. ಇದೇ ಮಾರ್ಗದ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಪುಟ್ಟ ಹಳಿಯೊಂದು ಹೋಗಿತ್ತು, ಕಾಡಿನ ಮರ ಇಳಿಸುವುದಕ್ಕೆ. ರಸ್ತೆಯಲ್ಲಿ ಮೋಟಾರು ಓಡಾಡತೊಡಗಿದ ಮೇಲೆ ಅದು ಅಳಿಯಿತು. ನರಸಿಂಹರಾಜಪುರದಲ್ಲಿ ಜನ ಇರಲಿಲ್ಲವೇ? ಇದ್ದರು. ಅವರನ್ನು ನೆಚ್ಚಿ ಹಳಿ ಹಾಕಿರಲಿಲ್ಲ, ಅಷ್ಟೆ. ಕೋಲಾರ ಸೀಮೆಯಲ್ಲಿ ಚಿನ್ನದ ಗಣಿಗೆ ಬೌರಿಂಗ್‌ಪೇಟೆಯಿಂದ ಕವಲು ಹೋಯಿತು, ಅದೂ ಚಿನ್ನ ಹೊರಲಿಕ್ಕಲ್ಲ. ಚಿನ್ನ ಎಷ್ಟು ತೂಗೀತು? ಗಣಿಗೆ ಬೇಕಿದ್ದ ಕಲ್ಲಿದ್ದಲು, ಯಂತ್ರ, ಮರದ ದಿಮ್ಮಿಗಳ ತೂಕಕ್ಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊನ್ನಾಳಿ ಸೀಮೆಯಲ್ಲೂ ಚಿನ್ನದ ಗಣಿಗಾರಿಕೆ ನಡೆದದ್ದುಂಟು. ಅದು ಸಣ್ಣದಾಗಿಯೇ ಉಳಿಯಿತು, ಹಳಿಯ ಮಾತು ಏಳಲಿಲ್ಲ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಹೊಸಪೇಟೆ–ಕೊಟ್ಟೂರು ಮಾರ್ಗ 1905ರಲ್ಲಿ, ಇತ್ತ ಚಿಕ್ಕಜಾಜೂರು–ಚಿತ್ರದುರ್ಗ ಮಾರ್ಗ 1921ರಲ್ಲಿ ಬಂದವು. ಮುಖ್ಯಮಾರ್ಗ ಬಿಟ್ಟುಹೋದ ಮೂವತ್ತೆರಡು ವರ್ಷಗಳ ಮೇಲೆ ದುರ್ಗದ ಜನ ತಮ್ಮೂರಲ್ಲೇ ರೈಲು ಹತ್ತಿದರು.

ಆ ಕಾಲದ ಕವಲು ಮಾರ್ಗದ ಪುಟ್ಟ ನಿಲ್ದಾಣ ಎಂದರೆ ಏನು ಎಂಬುದನ್ನೂ ತಿಳಿಯಬೇಕು. ಎಂಟು ಹತ್ತು ಕಿಲೋಮೀಟರಿಗೊಂದು ನಿಲ್ದಾಣ ಕಟ್ಟಿದ್ದು ಊರುಗಳ ಎಣಿಕೆಯ ಮೇಲಲ್ಲ. ಒಂಟಿ ಹಳಿಯಲ್ಲಿ ಎದುರುಬದುರಾದ ಎರಡು ಗಾಡಿಗಳು ಒಂದನ್ನೊಂದು ದಾಟಲು ಅಲ್ಲಲ್ಲಿ ಜೋಡಿ ಹಳಿ ಬೇಕು. ಉಗಿ ಎಂಜಿನ್ನಿಗೆ ಆಗಾಗ ನೀರು ಬೇಕು. ಮುಂದಿನ ಹಾದಿ ಖಾಲಿಯಿದೆ ಎಂಬುದಕ್ಕೆ ಸಾಕ್ಷಿಯಾಗಿ ಡ್ರೈವರನ ಕೈಗೆ ಟೋಕನ್ ಕೊಡುವ ಸ್ಟೇಷನ್ ಮಾಸ್ತರ್ ಬೇಕು. ಈ ಮೂರು ಅಗತ್ಯಗಳಿಗೆಂದು ಎದ್ದ ಹೆಂಚಿನ ಕಟ್ಟಡಕ್ಕೆ ಒಂದು ಗೂಡ್ಸ್ ಷೆಡ್ಡು, ಒಂದು ಟಿಕೆಟ್ ಕಿಂಡಿ ಸೇರಿದರೆ ನಿಲ್ದಾಣವಾಯಿತು. ಊರು ಎಷ್ಟೋ ಕಡೆ ಒಂದೆರಡು ಮೈಲಿ ಆಚೆ. ಹೀಗಾಗಿ ನಿಲ್ದಾಣ ಬಂದೊಡನೆ ಊರು ಉದ್ಧಾರವಾಗಬೇಕೆಂಬ ನಿಯಮವಿರಲಿಲ್ಲ. ಶಿವಮೊಗ್ಗ–ತಾಳಗುಪ್ಪ ಹಾದಿಯ ಅರಸಾಳು ಇದಕ್ಕೆ ಸೊಗಸಾದ ಉದಾಹರಣೆ. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಕಂಡ ಮಾಲ್ಗುಡಿ ನಿಲ್ದಾಣ ಅದೇ. 2020ರಲ್ಲಿ ಅಲ್ಲಿನ ಹಳೆಯ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಿದರು. ಎಂಟು ದಶಕಗಳಿಗೂ ಹೆಚ್ಚು ಕಾಲ ರೈಲು ಕಂಡ ಊರು ದೇಶಕ್ಕೆಲ್ಲ ಪರಿಚಯವಾದದ್ದು ಇಲ್ಲದ ಊರೊಂದರ ಹೆಸರಿನಲ್ಲಿ.

ಈಗ ನಾಲ್ಕು ತಾಲ್ಲೂಕುಗಳಿಗೆ ಬರೋಣ. 1889ರಿಂದ 1921ರವರೆಗೆ, ಅಂದರೆ ಈ ಸೀಮೆಯ ಸುತ್ತ ಹಳಿಗಳು ಬಿದ್ದ ಕಾಲದಲ್ಲಿ, ಇಲ್ಲಿನ ಹೊಲಗಳಲ್ಲಿ ಏನಿತ್ತು? ಚನ್ನಗಿರಿಗೆ ಸೂಳೆಕೆರೆ ಇತ್ತು, ನಿಜ. ಶಾಂತಿಸಾಗರವೆಂದು ಈಗ ಕರೆಯುವ ಆ ದೊಡ್ಡ ಕೆರೆಯ ಕೆಳಗೆ ಗದ್ದೆ ತೋಟ ಶತಮಾನಗಳಿಂದ ಇದ್ದವು. ಉಳಿದಂತೆ ಹೆಚ್ಚಿನದು ಮಳೆ ನಂಬಿದ ಬೇಸಾಯ: ಜೋಳ, ರಾಗಿ, ಹತ್ತಿ. ಜಗಳೂರಂತೂ ಬರದ ನಾಡು. ಇಂದು ಚನ್ನಗಿರಿ ಹೊನ್ನಾಳಿಗಳ ರಸ್ತೆಯ ಎರಡೂ ಬದಿಗೆ ಕಾಣುವ ಅಡಿಕೆ ತೋಟ, ಭತ್ತದ ಗದ್ದೆಗಳ ಬಹುಭಾಗ ಲಕ್ಕವಳ್ಳಿಯ ಭದ್ರಾ ಜಲಾಶಯದ ಕೊಡುಗೆ. ಆ ಅಣೆಕಟ್ಟು ಮುಗಿದದ್ದು 1960ರ ದಶಕದಲ್ಲಿ. ನಾಲೆಯ ನೀರು ಹರಿದು, ಗದ್ದೆ ಹದಗೊಂಡು, ಗದ್ದೆಯೇ ತೋಟವಾಗಿ, ಅಡಿಕೆ ಫಸಲಿಗೆ ಬರಲು ಮತ್ತೆ ದಶಕಗಳು ಹಿಡಿದವು. ಚನ್ನಗಿರಿಯ ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಇಂದು ರಾಜ್ಯಕ್ಕೆ ಗೊತ್ತಿರುವ ಹೆಸರು. ಆದರೆ ಆ ಅಡಿಕೆ ಗೋಣಿಗೆ ಬೀಳುವ ಹೊತ್ತಿಗೆ ಲಾರಿ ಮನೆಬಾಗಿಲಿಗೆ ಬಂದು ನಿಂತಿತ್ತು. ಅತ್ತ ರೈಲಿನಲ್ಲೂ ಮೈಸೂರು ಸಂಸ್ಥಾನದ ರೈಲ್ವೆ ಹೋಗಿ 1951ರಲ್ಲಿ ದಕ್ಷಿಣ ರೈಲ್ವೆಯಾಗಿತ್ತು, ಹೊಸ ಕವಲು ಹಾಕುವ ಹುರುಪು ಉಡುಗಿತ್ತು. ಜಗಳೂರಿಗೆ ಭದ್ರಾ ಮೇಲ್ದಂಡೆಯ ನೀರಿನ ಮಾತು ಈ ಶತಮಾನದ್ದು.

ಈಗಲಾದರೂ ಹೇರು ಇದೆಯಲ್ಲ, ಈಗ ಹಾಕಲಿ ಎನ್ನಬಹುದು. ಇಲ್ಲಿ ರೈಲಿನ ಒಳಗಿನ ಒಂದು ಬದಲಾವಣೆಯನ್ನು ಗಮನಿಸಬೇಕು. ಒಂದು ಕಾಲಕ್ಕೆ ವರ್ತಕ ಒಂದೇ ಒಂದು ವ್ಯಾಗನ್ ಹಿಡಿದು ಸರಕು ತುಂಬಬಹುದಿತ್ತು. ಗೂಡ್ಸ್ ಗಾಡಿ ದಾರಿಯ ನಿಲ್ದಾಣಗಳಲ್ಲಿ ನಿಂತು ಅಂಥ ಬಿಡಿ ವ್ಯಾಗನ್ನುಗಳನ್ನು ಪೋಣಿಸಿಕೊಂಡು ಹೋಗುತ್ತಿತ್ತು. ಪುಟ್ಟ ನಿಲ್ದಾಣದ ಗೂಡ್ಸ್ ಷೆಡ್ಡಿಗೆ ಜೀವವಿದ್ದದ್ದು ಅದರಿಂದ. 1980ರ ದಶಕದಿಂದ ರೈಲ್ವೆ ಆ ಪದ್ಧತಿಯನ್ನು ಕೈಬಿಡುತ್ತ ಬಂದು, ಒಂದೇ ಕಡೆ ತುಂಬಿ ಒಂದೇ ಕಡೆ ಇಳಿಸುವ ಇಡೀ ರೇಕಿಗೆ ಒಗ್ಗಿಕೊಂಡಿತು. ಮುಚ್ಚಿದ ವ್ಯಾಗನ್ನುಗಳ ಒಂದು ರೇಕು ಸುಮಾರು ಎರಡೂವರೆ ಸಾವಿರ ಟನ್, ಎಂದರೆ 25,000 ಕ್ವಿಂಟಲ್. ಕ್ವಿಂಟಲ್ ರಾಶಿ ಅಡಿಕೆಗೆ ಐವತ್ತು ಸಾವಿರ ರೂಪಾಯಿ ಹಿಡಿದು ಲೆಕ್ಕ ಹಾಕಿ: ಒಂದು ರೈಲಿನಲ್ಲಿ 125 ಕೋಟಿ ರೂಪಾಯಿಯ ಮಾಲು. ಅಷ್ಟನ್ನು ಒಂದೇ ದಿನ, ಒಂದೇ ಊರಲ್ಲಿ ಕೂಡಿಹಾಕಿ ಉತ್ತರದ ಒಂದೇ ಪೇಟೆಗೆ ಕಳಿಸುವ ಧೈರ್ಯ ಯಾವ ಮಂಡಿಯವನಿಗಿದೆ? ಅರ್ಧ ರೇಕಿಗೆ, ಪಾರ್ಸೆಲ್ ಬೋಗಿಗೆ ಅವಕಾಶವಿದ್ದರೂ ಬೆಲೆ ದಿನಕ್ಕೊಂದಾಗುವ ಅಡಿಕೆಗೆ ಹತ್ತಿಪ್ಪತ್ತು ಟನ್ನಿನ ಲಾರಿಯೇ ಸರಿ. ಮೆಕ್ಕೆಜೋಳದ ಮಾತು ಬೇರೆ. ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಹೊಲಗಳನ್ನೆಲ್ಲ ಅದು ಆವರಿಸಿದೆ, ತೂಕ ಹೆಚ್ಚು, ಬೆಲೆ ಕಡಿಮೆ, ರೇಕಿಗೆ ಹೇಳಿ ಮಾಡಿಸಿದ ಸರಕು. ಹಾಗಾದರೆ ಮೆಕ್ಕೆಜೋಳಕ್ಕಾದರೂ ಹೊನ್ನಾಳಿಗೋ ಜಗಳೂರಿಗೋ ಹಳಿ ಬರಬಾರದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಇಲ್ಲಿಂದ ದಾವಣಗೆರೆ, ಹರಿಹರ, ಶಿವಮೊಗ್ಗಗಳು ನಲವತ್ತು–ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಸುಗ್ಗಿಯ ಕೆಲವೇ ತಿಂಗಳ ಸರಕಿಗೆ ಅಷ್ಟು ದೂರ ಲಾರಿಯಲ್ಲಿ ಸಾಗಿಸಿ ರೈಲಿಗೆ ತುಂಬುವುದು ಹೊಸ ಹಳಿಗಿಂತ ಎಷ್ಟೋ ಅಗ್ಗ. ಕವಲು ಮಾರ್ಗ ಕಟ್ಟದಿರುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ರೈಲ್ವೆಗೆ ಬೇಕಿಲ್ಲ.

ಹೇರಿನ ಮಹಿಮೆ ಎಷ್ಟೆಂಬುದಕ್ಕೆ ಚಿಕ್ಕಜಾಜೂರನ್ನು ನೋಡಿ. ಚಿತ್ರದುರ್ಗಕ್ಕೆ ಕವಲೊಡೆಯುವ ಈ ಜಂಕ್ಷನ್ನಿಗೆ ಶತಮಾನ ದಾಟಿದೆ. ಊರು ದೊಡ್ಡದಾಗಲಿಲ್ಲ. ಆದರೆ ಆ ಕವಲು ಮುಂದೆ ಚಳ್ಳಕೆರೆ, ರಾಯದುರ್ಗಗಳ ಮೂಲಕ ಬಳ್ಳಾರಿಗೆ ಕೂಡಿಕೊಂಡ ಮೇಲೆ ಅದಿರು, ಉಕ್ಕು, ಕಲ್ಲಿದ್ದಲಿನ ಹೆದ್ದಾರಿಯಾಯಿತು. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಬಳ್ಳಾರಿ–ಚಿಕ್ಕಜಾಜೂರು ನಡುವಿನ 185 ಕಿಲೋಮೀಟರ್ ಜೋಡಿ ಹಳಿಗೆ 3,342 ಕೋಟಿ ರೂಪಾಯಿ ಒಪ್ಪಿತು. ಚಿತ್ರದುರ್ಗದ ಪ್ರಯಾಣಿಕರು ದಶಕಗಳಿಂದ ಬೆಂಗಳೂರಿಗೆ ನೇರ ಹಾದಿ ಕೇಳುತ್ತ ಬಂದರು. ಮೊದಲು ಜೋಡಿಯಾಗುತ್ತಿರುವುದು ಬಳ್ಳಾರಿಯ ಗಣಿ ಕಡೆಯ ಹಾದಿ. ನಿಲ್ದಾಣ ಇದ್ದ ಮಾತ್ರಕ್ಕೆ ಊರು ಬೆಳೆಯದು, ಊರು ದೊಡ್ಡದಾದ ಮಾತ್ರಕ್ಕೆ ಹಳಿ ಬಾರದು ಎಂಬುದಕ್ಕೆ ಬೇರೆ ಪುರಾವೆ ಹುಡುಕಬೇಕಾಗಿಲ್ಲ.

ಇಲ್ಲಿಗೆ ಬಲವಾದ ಆಕ್ಷೇಪವೊಂದು ಬರುತ್ತದೆ. ಹೇರೇ ಎಲ್ಲವೂ ಆಗಿದ್ದರೆ ಶಿಕಾರಿಪುರಕ್ಕೆ ಹಳಿ ಹೇಗೆ ಬರುತ್ತಿದೆ? ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೆ 2023ರ ಫೆಬ್ರುವರಿ 27ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು, ಅಂದಾಜು 990 ಕೋಟಿ ರೂಪಾಯಿ. ಹೊನ್ನಾಳಿ ನ್ಯಾಮತಿಗಳ ಪಕ್ಕದ ತಾಲ್ಲೂಕು ಅದು, ಬೆಳೆಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಂದರೆ ಅದು ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರ ಕ್ಷೇತ್ರವಾಗಿತ್ತು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ನನ್ನ ವಾದ ಹಳೆಯ ಕವಲುಗಳ ಮಟ್ಟಿಗೆ ನಿಲ್ಲುತ್ತದೆ. ಹೊಸ ಕಾಲದಲ್ಲಿ ಅದಕ್ಕೊಂದು ತಿದ್ದುಪಡಿ ಬೇಕು. ಕರ್ನಾಟಕದ ಹಲವು ಹೊಸ ಮಾರ್ಗಗಳಿಗೆ ಈಗ ರಾಜ್ಯ ಸರ್ಕಾರವೇ ಅರ್ಧ ಖರ್ಚು ಹಾಕಿ ಭೂಮಿಯನ್ನು ಪುಕ್ಕಟೆ ಕೊಡುತ್ತದೆ. ಹಣ ಕೊಡುವವರು ದಿಕ್ಕು ತೋರಿಸುತ್ತಾರೆ. ಹೇರಿನ ಕೊರತೆಯನ್ನು ರಾಜಕೀಯ ಬಲ ತುಂಬಿಕೊಡುವುದು ಹೀಗೆ. ಹಾಗೆಂದು ಚನ್ನಗಿರಿಗೆ ಬಲವಿರಲಿಲ್ಲವೇ? ಆ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿದ್ದರು. 1997ರಲ್ಲಿ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಬಿಡಿಸಿ ದಾವಣಗೆರೆ ಜಿಲ್ಲೆ ಕಟ್ಟಿದ್ದು ಅವರ ಸರ್ಕಾರವೇ. ಜಿಲ್ಲೆಯ ಗೆರೆ ಎಳೆಯುವುದು ವಿಧಾನಸೌಧದ ಕೈಯಲ್ಲಿತ್ತು, ಹಳಿಯ ಗೆರೆ ಇರಲಿಲ್ಲ. ಖರ್ಚು ಹಂಚಿಕೊಳ್ಳುವ ಪದ್ಧತಿ ನೆಲೆಗೊಂಡದ್ದು ಅವರ ಕಾಲ ಮುಗಿದ ಮೇಲೆ.

ಇನ್ನೊಂದು ಆಕ್ಷೇಪ ಹೆಚ್ಚು ಮನಸ್ಸಿಗೆ ತಾಗುವಂಥದು. ರೈಲು ಸರಕಿಗಷ್ಟೇ ಅಲ್ಲ, ದಾವಣಗೆರೆಯ ಕಾಲೇಜಿಗೆ ಹೋಗುವ ಹುಡುಗಿಗೂ, ಶಿವಮೊಗ್ಗದ ಆಸ್ಪತ್ರೆಗೆ ಹೋಗುವ ರೋಗಿಗೂ, ಬೆಂಗಳೂರಿಗೆ ಗಾರೆಕೆಲಸಕ್ಕೆ ಹೊರಡುವ ಜಗಳೂರಿನ ಕೂಲಿಗೂ ಬೇಕು. ಲಾಭದ ಲೆಕ್ಕ ಅಲ್ಲಿ ನಡೆಯಬಾರದು. ಒಪ್ಪಬೇಕಾದ ಮಾತೇ. ಆದರೆ ಈ ಹಂಬಲಕ್ಕೆ ಹೊಸ ನಿಲ್ದಾಣ ಉತ್ತರವಾಗುತ್ತದೆಯೇ ಎಂಬುದನ್ನು ಪಕ್ಕದ ಜಿಲ್ಲೆಗಳಲ್ಲಿ ನೋಡಬಹುದು. ದಶಕಗಳ ಒತ್ತಾಯದ ಮೇಲೆ 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ಕವಲು ಬಂತು. ಜಿಲ್ಲಾ ಕೇಂದ್ರವಾದರೂ ಅಲ್ಲಿಗೆ ಬರುವ ಗಾಡಿಗಳನ್ನು ಬೆರಳಲ್ಲಿ ಎಣಿಸಬಹುದು. 1990ರ ದಶಕದಲ್ಲಿ ಮಂಜೂರಾದ ಹರಿಹರ–ಕೊಟ್ಟೂರು ಮಾರ್ಗದಲ್ಲಿ ಪ್ರಯಾಣಿಕರ ಗಾಡಿ ಓಡಿದ್ದು 2019ರಲ್ಲಿ. ಹರಪನಹಳ್ಳಿಯಲ್ಲಿ ಆ ಯೋಜನೆಯ ಸುದ್ದಿ ಕೇಳಿ ಹುಟ್ಟಿದ ಮಗು ರೈಲು ಹತ್ತುವಾಗ ಇಪ್ಪತ್ತು ದಾಟಿತ್ತು. ತುಮಕೂರು–ಚಿತ್ರದುರ್ಗ–ದಾವಣಗೆರೆ ನಡುವಿನ ಸುಮಾರು 190 ಕಿಲೋಮೀಟರಿನ ನೇರ ಮಾರ್ಗ ಮಂಜೂರಾಗಿಯೂ ದಶಕ ದಾಟಿದೆ. 1889ರಲ್ಲಿ ಬಿಟ್ಟ ದಾರಿಯನ್ನು ಈಗ ಹಿಡಿಯುವ ಕೆಲಸ ಅದು. ಮುಗಿದಾಗ ದಾವಣಗೆರೆಯಿಂದ ಬೆಂಗಳೂರಿನ ದೂರ ಅರವತ್ತು ಕಿಲೋಮೀಟರಿಗೂ ಹೆಚ್ಚು ತಗ್ಗುತ್ತದೆ. ಭರಮಸಾಗರದ ಕಡೆಯಿಂದ ದಾವಣಗೆರೆ ಸೇರುವ ಆ ಹಾದಿ ಜಗಳೂರು ಪಟ್ಟಣವನ್ನು ಮುಟ್ಟುವುದಿಲ್ಲ.

ಆದ್ದರಿಂದ ಕೇಳುವುದನ್ನು ಬದಲಿಸಬೇಕು. ಚನ್ನಗಿರಿಯವರಿಗೆ ಚಿಕ್ಕಜಾಜೂರು, ಭದ್ರಾವತಿ ಇವೆ. ನ್ಯಾಮತಿ ಹೊನ್ನಾಳಿಯವರಿಗೆ ಶಿವಮೊಗ್ಗ, ಹರಿಹರ. ಜಗಳೂರಿನವರಿಗೆ ದಾವಣಗೆರೆ, ಚಿತ್ರದುರ್ಗ, ಕೊಟ್ಟೂರು. ಅಲ್ಲಿ ಯಾವ ಗಾಡಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ, ಇಳಿದವರಿಗೆ ಊರಿನ ಬಸ್ಸು ಸಿಗುತ್ತದೆಯೇ, ರಾತ್ರಿ ಗಾಡಿಗೆ ಹೋಗುವವರಿಗೆ ಕಡೆಯ ಬಸ್ಸು ಕಾಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಸಾವಿರ ಕೋಟಿ ಬೇಕಿಲ್ಲ. ಸಾರಿಗೆ ನಿಗಮವೂ ರೈಲ್ವೆಯ ಮೈಸೂರು ವಿಭಾಗವೂ ಒಂದು ಮೇಜಿನ ಸುತ್ತ ಕೂತರೆ ಸಾಕು. ಹಾಗಿದ್ದೂ ಯಾರಾದರೂ ಹೊಸ ಮಾರ್ಗದ ಸರ್ವೆ ಕಾಗದ ಹಿಡಿದು ನಿಮ್ಮೂರ ವೇದಿಕೆ ಹತ್ತಿದರೆ ಚಪ್ಪಾಳೆ ತಟ್ಟುವ ಮೊದಲು ಮೂರು ಮಾತು ಕೇಳಿ: ಅದರ ಮೇಲೆ ಏನು ಹೇರುತ್ತೀರಿ, ರಾಜ್ಯದ ಪಾಲಿನ ಹಣ ಯಾವ ಬಜೆಟ್ಟಿನಲ್ಲಿದೆ, ದಿನಕ್ಕೆ ಎಷ್ಟು ಗಾಡಿ ಓಡಿಸುತ್ತೀರಿ.